ಲೆಕ್ಕದಲ್ಲಿರುವ ಕೋವಿ, ಲೆಕ್ಕಕ್ಕೆ ಸಿಗದ ಪಿಸ್ತೂಲು



ಚುನಾವಣೆ ಘೋಷಣೆಯಾದ ಕೂಡಲೇ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು ಗೋಡೆಬರಹ, ಇನ್ನೊಂದು ಠಾಣೆಗೆ ಕೋವಿ ಒಯ್ಯುವುದು. ಲೋಕಸಭೆ, ವಿಧಾನಸಭೆ, ಸ್ಥಳೀಯಾಡಳಿತ ಎಂದು ಐದು ವರ್ಷದಲ್ಲಿ ಮೂರು ಸಲವಾದರೂ ಈ ಕೆಲಸ ಇದ್ದದ್ದೇ. ಎಪ್ಪತ್ತು ದಾಟಿದ ಕೃಷಿಕರು ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಜೀಪು ಹತ್ತಿ, ಠಾಣೆಯಲ್ಲಿ ಠೇವಣಿ ಇಟ್ಟು ರಶೀದಿ ತೆಗೆದುಕೊಂಡು ಬರುತ್ತಾರೆ. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ಬಿಡಿಸಿಕೊಳ್ಳುತ್ತಾರೆ. ನಡುವಿನ ವಾರಗಳಲ್ಲಿ ಹಂದಿಗಳಿಗೆ ಯಾವ ನೀತಿಸಂಹಿತೆಯೂ ಇಲ್ಲ. ಮರಗೆಣಸು, ಬಾಳೆ, ಎಳೆಯ ಅಡಿಕೆ ಸಸಿ ಎಲ್ಲವೂ ಅವುಗಳ ಪಾಲು.

ಈ ಸಂಗತಿಯನ್ನು ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪ್ರಸ್ತಾಪಿಸಿದಾಗ ಜತ್ತ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ನಕ್ಕರು. "ನಿಮ್ಮ ಕಡೆ ಕೋವಿ ಕೊಡಾಕ ಮಂದಿ ಪಾಳಿ ಹಚ್ಚತಾರ್ರಿ. ನಮ್ಮ ಕಡೆ ಕಂಟ್ರಿ ಪಿಸ್ತೂಲು ಇಟ್ಕೊಂಡಾವ ಯಾವ ಪಾಳಿಯೊಳಗೂ ನಿಂದ್ರೂದಿಲ್ಲ" ಎಂದರು. ಸಭೆ ನಕ್ಕು ಮುಂದಿನ ವಿಷಯಕ್ಕೆ ಹೋಯಿತು. ಆದರೆ ಬಂದೂಕು ನಿಯಂತ್ರಣದ ಬಗ್ಗೆ ನಮ್ಮ ದೇಶದಲ್ಲಿ ನಡೆಯುವ ಚರ್ಚೆಯ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನಮಗೆ ಆಮೇಲೆ ಅನ್ನಿಸಿತು. ಅದಕ್ಕಾಗಿ ಈ ಲೇಖನ.

ಮೊದಲು ಕಾಯ್ದೆಯ ವಿಷಯ. 1878ರಲ್ಲಿ ಬ್ರಿಟಿಷರು ತಂದ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಭಾರತೀಯನಿಗೆ ಪರವಾನಗಿ ಇಲ್ಲದೆ ಕೋವಿ ಇಲ್ಲ, ಯುರೋಪಿಯನ್ನರಿಗೆ ವಿನಾಯಿತಿ. ಈ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಶಸ್ತ್ರ ಹೊಂದುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು ಇದನ್ನು ಮೂಲಭೂತ ಹಕ್ಕಾಗಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ, ಅಂದರೆ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಹಾಗಾಗಿ ನಮ್ಮಲ್ಲಿ ಬಂದೂಕು ಹಕ್ಕಲ್ಲ, ಸರಕಾರ ನೋಡಿ ಕೊಡುವ ಅನುಮತಿ. ಈಗ ಜಾರಿಯಲ್ಲಿರುವುದು 1959ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು.

ಹಾಗೆಂದು 1959ರ ಕಾಯ್ದೆ ಕೃಷಿಕನನ್ನು ಮರೆತಿಲ್ಲ. ಅದರ 13ನೇ ಕಲಮು ಪ್ರಾಣರಕ್ಷಣೆಗೆ ಕನಿಷ್ಠ 20 ಇಂಚು ನಳಿಗೆಯ ಸಾದಾ ಕೋವಿಯನ್ನೂ, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ ಹೆಸರಿಸಿ ಹೇಳುತ್ತದೆ. ಅರ್ಜಿದಾರನ ಮೇಲೆ ಬೇರೆ ತಕರಾರಿಲ್ಲದಿದ್ದರೆ ಇವುಗಳಿಗೆ ಪರವಾನಗಿ 'ಕೊಡಬಹುದು' ಎಂದಲ್ಲ, 'ಕೊಡತಕ್ಕದ್ದು' ಎಂದಿದೆ. ಈ ಎರಡು ಶಬ್ದಗಳ ನಡುವೆ ಎಷ್ಟು ಅಂತರವಿದೆ ಎಂಬುದು ಕಡತ ತಿರುವಿದ ಗುಮಾಸ್ತನಿಗೆ ಗೊತ್ತು. ಕಂದಾಯ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದ ವರ್ಷಗಳಲ್ಲಿ ಇಂಥ ಅರ್ಜಿಗಳು ನಮ್ಮ ಮೇಜನ್ನೂ ಹಾದುಹೋಗಿವೆ. ಜಮೀನಿನ ದಾಖಲೆ, ಕಾಡು ಎಷ್ಟು ದೂರ, ಅರ್ಜಿದಾರನ ನಡತೆ, ಪೊಲೀಸ್ ವರದಿ ಇವೆಲ್ಲ ಕೂಡಿ ಬಂದ ಮೇಲೆ ಮೇಲಧಿಕಾರಿಯ ಸಹಿ. ಕೆಲವೊಮ್ಮೆ ವರ್ಷ ಹಿಡಿಯುತ್ತಿತ್ತು. ಅಷ್ಟಾದ ಮೇಲೆ ಆ ಕೋವಿಗೆ ಒಂದು ನಂಬರು, ಒಬ್ಬ ಯಜಮಾನ, ಒಂದು ವಿಳಾಸ. ಈಗ ಪ್ರತಿ ಪರವಾನಗಿಗೂ ರಾಷ್ಟ್ರೀಯ ಕಂಪ್ಯೂಟರ್ ದಾಖಲೆಯಲ್ಲಿ ಒಂದು ವಿಶಿಷ್ಟ ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಪರವಾನಗಿ ಸಿಂಧುವಲ್ಲ.

2019ರ ಡಿಸೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಒಬ್ಬನಿಗೆ ಮೂರು ಬಂದೂಕು ಎಂದಿದ್ದ ಮಿತಿ ಎರಡಕ್ಕೆ ಇಳಿಯಿತು. ಮಸೂದೆಯಲ್ಲಿ ಮೊದಲು ಒಂದೇ ಎಂದಿತ್ತು, ವಿರೋಧ ಬಂದ ಮೇಲೆ ಎರಡಾಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಕಳ್ಳ ಬಂದೂಕು ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಗದದ ಮೇಲೆ ಇದು ಬಿಗಿಯಾದ ಕಾಯ್ದೆಯೇ.

ಇನ್ನು ಲೆಕ್ಕ ನೋಡೋಣ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ರ ಸ್ಥಿತಿಯನ್ನು ಆಧರಿಸಿ ಮಾಡಿದ ಅಂದಾಜಿನಂತೆ ಭಾರತದಲ್ಲಿ ಜನಸಾಮಾನ್ಯರ ಬಳಿ ಸುಮಾರು 7.11 ಕೋಟಿ ಬಂದೂಕುಗಳಿವೆ. ಅವುಗಳಲ್ಲಿ ದಾಖಲೆಯಲ್ಲಿರುವವು ಸುಮಾರು 97 ಲಕ್ಷ. ಅಂದಾಜಿನಲ್ಲಿ ಹೆಚ್ಚುಕಡಿಮೆ ಇದ್ದೀತು. ಆದರೂ ಏಳರಲ್ಲಿ ಆರು ಬಂದೂಕು ಯಾವ ಪುಸ್ತಕದಲ್ಲೂ ಇಲ್ಲ ಎಂದಾಯಿತು. ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧಗಳಿಂದಲೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತೋರಿಸಿವೆ. ಎರಡೋ ಮೂರೋ ಎಂಬ ಮಿತಿಯ ಚರ್ಚೆ ಆ ಏಳನೆಯ ಬಂದೂಕಿಗೆ ಮಾತ್ರ ಅನ್ವಯ.

ಉಳಿದ ಆರರ ಕಥೆ ನಮ್ಮ ಗಡಿಯ ಊರುಗಳಿಗೆ ಹೊಸದಲ್ಲ. ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನಿಂದ 2000ದ ಜುಲೈ 30ರ ರಾತ್ರಿ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದದ್ದು ಕೋವಿಯ ಮೊನೆಯಲ್ಲಿ. 108 ದಿನ ಎರಡು ರಾಜ್ಯಗಳು ಉಸಿರು ಹಿಡಿದು ಕೂತಿದ್ದವು. ಅನಂತಪುರದಲ್ಲಿ 2005ರ ಜನವರಿ 24ರಂದು ಪರಿಟಾಲ ರವಿ ಅವರನ್ನು ಹಾಡಹಗಲೇ ಗುಂಡಿಟ್ಟು ಕೊಂದದ್ದನ್ನು ರಾಯದುರ್ಗ, ಮಡಕಶಿರಾದ ಸದಸ್ಯರು ಮರೆತಿರಲಾರರು. ಭೀಮಾ ತೀರದ ಎರಡೂ ದಂಡೆಗಳಲ್ಲಿ, ಇಂಡಿ, ಚಡಚಣದಿಂದ ಜತ್ತ, ಅಕ್ಕಲಕೋಟೆಯವರೆಗೆ, ಕಂಟ್ರಿ ಪಿಸ್ತೂಲು ಎಂಬ ಶಬ್ದ ಮಕ್ಕಳಿಗೂ ಗೊತ್ತು. ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರಗೋನ್, ಬಡವಾನಿ ಕಡೆಯ ಕಳ್ಳ ಕುಲುಮೆಗಳಲ್ಲಿ ತಯಾರಾದ ಪಿಸ್ತೂಲುಗಳು ದೇಶದುದ್ದಕ್ಕೂ ಸಿಕ್ಕಿಬೀಳುತ್ತವೆ.

ಇಂಥ ಒಂದು ಪಿಸ್ತೂಲಿನ ದಾರಿಯನ್ನು ಸ್ವಲ್ಪ ಗಮನಿಸಿ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಡಾ. ನರೇಂದ್ರ ದಾಭೋಲ್ಕರ್. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಅವರ ಮೇಲೆ ಗುಂಡಿನ ದಾಳಿ, ನಾಲ್ಕು ದಿನದ ನಂತರ ಸಾವು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ನಮ್ಮ ಡಾ. ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಲಬುರ್ಗಿ ಮತ್ತು ಗೌರಿ ಇಬ್ಬರ ಹತ್ಯೆಗೂ 7.65 ಮಿ.ಮೀ. ಗಾತ್ರದ ಒಂದೇ ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ತನಿಖಾ ದಳ ಹೇಳಿದೆ. ಎರಡು ವರ್ಷದ ಅಂತರದಲ್ಲಿ ಅದೇ ಆಯುಧ ಮತ್ತೆ ಹೊರಬಂದಿದೆ. ಆದರೆ ತನಿಖೆ ಮಹಾರಾಷ್ಟ್ರದಲ್ಲಿ ಒಂದು ಪ್ರಕರಣ ಸಿಬಿಐಗೆ, ಇನ್ನೊಂದು ಆ ರಾಜ್ಯದ ಪೊಲೀಸರಿಗೆ, ಕರ್ನಾಟಕದಲ್ಲಿ ಒಂದು ಮೊದಲು ಸಿಐಡಿಗೆ, ಮತ್ತೊಂದು ಎಸ್‌ಐಟಿಗೆ ಎಂದು ಹಂಚಿಹೋಗಿತ್ತು. ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2019ರಲ್ಲಿ ಆ ತನಿಖೆಯೂ ಗೌರಿ ಪ್ರಕರಣದ ಎಸ್‌ಐಟಿಗೆ ಬಂತು. ದಾಭೋಲ್ಕರ್ ಪ್ರಕರಣದಲ್ಲಿ 2024ರ ಮೇ 10ರಂದು ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಮೂವರು ಬಿಡುಗಡೆಯಾದರು. ಕೊಲೆಯಾಗಿ ಹತ್ತು ವರ್ಷ ದಾಟಿತ್ತು. ಆಯುಧ ಹಿಡಿದವರು ಗಡಿಗೆ ಕಾಯಲಿಲ್ಲ, ಕಡತಗಳು ಮಾತ್ರ ಗಡಿಯಲ್ಲಿ ವರ್ಷಗಟ್ಟಲೆ ಕಾದವು.

ಹಾಗಾದರೆ ಈ ಕಾಯ್ದೆ ವ್ಯರ್ಥ, ಪ್ರಾಮಾಣಿಕರಿಗೆ ಮಾತ್ರ ಕಿರುಕುಳ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಲೆಕ್ಕವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣ ಮುಂದಿದೆ. ನಮ್ಮ ಅನೇಕ ಸದಸ್ಯರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಇದ್ದಾರೆ. ಮೊಮ್ಮಗಳ ಶಾಲೆಯಲ್ಲಿ, ಗುಂಡಿನ ದಾಳಿಯಾದರೆ ಎಲ್ಲಿ ಅಡಗಬೇಕು ಎಂದು ಅಭ್ಯಾಸ ಮಾಡಿಸುತ್ತಾರೆ ಎಂಬುದನ್ನು ಹೊಸೂರಿನ ಸದಸ್ಯರೊಬ್ಬರು ಹೇಳಿದಾಗ ಕೇಳಿದವರೆಲ್ಲ ಸುಮ್ಮನಾದೆವು.

ಅಲ್ಲಿ ಬಂದೂಕು ಹೊಂದುವುದು ಸಂವಿಧಾನದ 2ನೇ ತಿದ್ದುಪಡಿ ಕೊಟ್ಟ ಹಕ್ಕು. ಅದೇ ಸಮೀಕ್ಷೆಯ ಅಂದಾಜಿನಂತೆ 100 ಜನರಿಗೆ 120 ಬಂದೂಕುಗಳಿವೆ, ನಮ್ಮಲ್ಲಿ 100 ಜನರಿಗೆ ಐದು. ದೇಶದ ಎಲ್ಲ ಬಂದೂಕುಗಳ ಒಂದು ಕೇಂದ್ರ ನೋಂದಣಿ ಪುಸ್ತಕ ಇಡುವುದನ್ನು 1986ರ ಕಾನೂನು ನಿಷೇಧಿಸಿದೆ. ಕೊಲೆಯಾದ ಜಾಗದಲ್ಲಿ ಸಿಕ್ಕ ಬಂದೂಕು ಯಾರದು ಎಂದು ತಿಳಿಯಬೇಕಾದರೆ ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನ ಕೇಂದ್ರವೊಂದರಲ್ಲಿ ನೌಕರರು ತಯಾರಕರಿಗೆ, ಅಂಗಡಿಗಳಿಗೆ ಫೋನು ಮಾಡಿ, ಮುಚ್ಚಿಹೋದ ಅಂಗಡಿಗಳ ಹಳೆಯ ರಸೀತಿಗಳನ್ನು ತಡಕಬೇಕು. ಅಷ್ಟು ಮುಂದುವರಿದ ದೇಶದಲ್ಲಿ, ಕೊಂಡವನ ಹೆಸರು ಹೊಡೆದರೆ ಉತ್ತರ ಕೊಡುವ ಕಂಪ್ಯೂಟರ್ ಇಡಲು ಕಾನೂನಿನ ತಡೆ! 2022ರ ಮೇ 24ರಂದು ಟೆಕ್ಸಾಸಿನ ಉವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು 18 ತುಂಬಿದ ಕೆಲವೇ ದಿನಗಳಲ್ಲಿ ಅಂಗಡಿಯಿಂದ ಕಾನೂನುಬದ್ಧವಾಗಿಯೇ ರೈಫಲ್ ಕೊಂಡಿದ್ದ. ಅದಾದ ತಿಂಗಳಲ್ಲಿ, 21 ವರ್ಷದೊಳಗಿನ ಖರೀದಿದಾರರ ಪೂರ್ವಾಪರವನ್ನು ಹೆಚ್ಚು ತಪಾಸಣೆ ಮಾಡುವ ಕಾನೂನು ಬಂತು. ಅದಕ್ಕಿಂತ ಮುಂದೆ ಹೋಗಲು ಎರಡು ಪಕ್ಷಗಳಿಗೂ ಕೂಡಿ ಬರಲಿಲ್ಲ.

ಅಲ್ಲಿನ ಇನ್ನೊಂದು ಅಂಕಿ ಸುದ್ದಿಯಲ್ಲಿ ಅಷ್ಟಾಗಿ ಬರುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅವರಲ್ಲಿ ಸುಮಾರು 27,300 ಮಂದಿಯದು ಆತ್ಮಹತ್ಯೆ. ಅಂದರೆ ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಕಳ್ಳನೂ ಇಲ್ಲ, ಕೊಲೆಗಾರನೂ ಇಲ್ಲ. ಮನೆಯಲ್ಲಿ ಒಂದು ಬಂದೂಕು ಇತ್ತು, ಕೈಗೆ ಸಿಗುವ ಹಾಗಿತ್ತು, ಅಷ್ಟೇ.

ಈ ಅಂಕಿಯನ್ನು ಓದಿದಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾವು ಆಗ ಇದ್ದ ಕಚೇರಿಯಲ್ಲಿ ಒಂದು ಕಡತ ಬಾಕಿ ಇತ್ತು. ಕೋವಿಯ ಯಜಮಾನರು ತೀರಿಹೋಗಿ ಎರಡು ವರ್ಷ ಕಳೆದಿತ್ತು. ಮಗ ತನ್ನ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿದ್ದ. ವರದಿಯೊಂದು ಬರಬೇಕಿತ್ತು, ಬಂದಿರಲಿಲ್ಲ. ನಾವು ರಿಮೈಂಡರ್ ಬರೆಯಬೇಕಿತ್ತು. ಕೋವಿ ಈಗ ಎಲ್ಲಿದೆ, ಠಾಣೆಯಲ್ಲಿ ಠೇವಣಿ ಇಟ್ಟಿದ್ದಾರೆಯೇ ಎಂದು ಒಂದು ಸಾಲು ಕೇಳಬೇಕಿತ್ತು. ಕಡತ ಕಟ್ಟಿನ ಅಡಿಯಲ್ಲಿತ್ತು, ಬರೆಯಲಿಲ್ಲ. ಕೋವಿ ಆ ಮನೆಯ ಅಟ್ಟದಲ್ಲೇ ಇತ್ತು. ಒಂದು ಮಳೆಗಾಲದ ರಾತ್ರಿ ಆ ಮನೆಯ ಹುಡುಗನೊಬ್ಬ ಅದರಿಂದಲೇ ಪ್ರಾಣ ಕಳೆದುಕೊಂಡ. ಅವನಿಗೆ ಏನು ದುಃಖವಿತ್ತೋ ಮನೆಯವರಿಗೂ ಪೂರ್ತಿ ತಿಳಿಯಲಿಲ್ಲ. ಕೆಲವು ವಾರದ ನಂತರ ಆ ಕಡತ ಹೊರಬಂತು. "ಆಯುಧ ಜಪ್ತಿಯಾಗಿದೆ, ಮುಂದಿನ ಕ್ರಮ ಅಗತ್ಯವಿಲ್ಲ, ಕಡತ ಮುಕ್ತಾಯ" ಎಂದು ಟಿಪ್ಪಣಿ ಬರೆದದ್ದು ನಾವೇ. ಅಕ್ಷರ ಚೆನ್ನಾಗಿದೆ ಎಂದು ಹೆಸರು ಪಡೆದ ಕೈ ಅದು.

ಒಂದು ರಿಮೈಂಡರ್ ಬರೆದಿದ್ದರೆ ಆ ಹುಡುಗ ಬದುಕುತ್ತಿದ್ದನೇ? ಹೇಳಲಾಗದು. ಆದರೆ ಕೋವಿ ಅಟ್ಟದಲ್ಲಿ ಇರುತ್ತಿರಲಿಲ್ಲ ಎಂಬುದು ನಿಶ್ಚಯ. ಬಂದೂಕು ನಿಯಂತ್ರಣ ಎಂದರೆ ನಮ್ಮ ಪ್ರಕಾರ ಮುಖ್ಯವಾಗಿ ಇದೇ: ಪ್ರತಿ ಕೋವಿಯೂ ಈ ಹೊತ್ತು ಯಾರ ಕೈಯಲ್ಲಿದೆ, ಎಲ್ಲಿದೆ ಎಂದು ಒಬ್ಬರಿಗೆ ಗೊತ್ತಿರುವುದು, ಮತ್ತು ಆ ಒಬ್ಬರು ಆಗಾಗ ಪುಸ್ತಕ ತೆರೆದು ನೋಡುವುದು. ಶಿಕ್ಷೆಯ ವರ್ಷ ಏರಿಸುವುದು ಪಾರ್ಲಿಮೆಂಟಿಗೆ ಒಂದು ಮಧ್ಯಾಹ್ನದ ಕೆಲಸ. ಪುಸ್ತಕ ನೋಡುವುದು ದಿನದಿನದ ಕೆಲಸ, ಅದಕ್ಕೆ ಚಪ್ಪಾಳೆ ಇಲ್ಲ.

ಕೊಡಗಿನ ವಿನಾಯಿತಿಯ ಬಗ್ಗೆಯೂ ಸದಸ್ಯರು ಆಗಾಗ ಕೇಳುತ್ತಾರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಜನರಿಗೆ ಅದು ಮನೆತನದ ಮಾನ. ಆದರೆ ವಿನಾಯಿತಿ ಇರುವುದು ಪರವಾನಗಿಗೆ, ಲೆಕ್ಕಕ್ಕಲ್ಲ. ಅವರೂ ವಿನಾಯಿತಿ ಪತ್ರ ಪಡೆಯಬೇಕು, ಷರತ್ತುಗಳೂ ಇವೆ.

ಈಗ ನಮ್ಮ ಗಡಿಯ ಮಾತಿಗೆ ಬರೋಣ. ಸಂಘದ ಪರವಾಗಿ ನಾವು ನಾಲ್ಕು ಬೇಡಿಕೆಗಳನ್ನು ಮುಂದಿಡಲು ಯೋಚಿಸಿದ್ದೇವೆ.

ಒಂದು, ಚುನಾವಣೆಯ ಠೇವಣಿ. ಪರವಾನಗಿ ಇದ್ದವರೆಲ್ಲ ಕೋವಿ ಒಪ್ಪಿಸಿ ಎಂಬ ಸಾರಾಸಗಟು ಆದೇಶ ಸರಿಯಲ್ಲ ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ ಹಿಂದೆಯೇ ಹೇಳಿದೆ. ಅದರ ಮೇಲೆ 2009ರಲ್ಲಿ ಚುನಾವಣಾ ಆಯೋಗ, ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳ ಪರಿಶೀಲನಾ ಸಮಿತಿ ಇರಬೇಕೆಂದು ಸೂಚಿಸಿತು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕವರು ಇವರನ್ನು ಮುಖ್ಯವಾಗಿ ಗಮನಿಸಿ, ಒಬ್ಬೊಬ್ಬರ ವಿಷಯವನ್ನೂ ಬೇರೆಬೇರೆಯಾಗಿ ನೋಡಿ ತೀರ್ಮಾನಿಸಬೇಕು. ಇದನ್ನು ಅಕ್ಷರಶಃ ಪಾಲಿಸಿ ಎಂಬುದಷ್ಟೇ ನಮ್ಮ ಕೋರಿಕೆ. ಕೇರಳದಲ್ಲಿ 2022ರ ಮೇ ತಿಂಗಳಿನಿಂದ ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಇದೆ. ಆದರೆ ಗುಂಡು ಹಾರಿಸಬೇಕಾದ ಕೋವಿಯೇ ಠಾಣೆಯಲ್ಲಿದ್ದರೆ ಆ ಅಧಿಕಾರ ಕಾಗದಕ್ಕೆ ಸೀಮಿತ.

ಎರಡು, ಭಾಷೆ. ಠೇವಣಿಯ ನೋಟಿಸು, ನವೀಕರಣದ ಸೂಚನೆ ನಮ್ಮ ಹಿರಿಯರಿಗೆ ಓದಲು ಬಾರದ ಭಾಷೆಯಲ್ಲಿ ಬಂದರೆ ಅವರು ಪಾಲಿಸುವುದು ಹೇಗೆ? ಒಬ್ಬ ಸದಸ್ಯರು ನೋಟಿಸನ್ನು ಯಾವುದೋ ತೆರಿಗೆ ಕಾಗದವೆಂದು ತಿಳಿದು ಪಂಚಾಂಗದ ಒಳಗಿಟ್ಟರು. ದಿನಾಂಕ ಕಳೆದ ಮೇಲೆ ಪೊಲೀಸರು ಮನೆಗೆ ಬಂದರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟಿದೆ. ಬಂದೂಕಿನಂಥ ಅಪಾಯದ ವಸ್ತುವಿನ ಬಗ್ಗೆಯಾದರೂ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು.

ಮೂರು, ಗಡಿಯಾಚೆಯ ಜಮೀನು. ಮನೆ ಎಣ್ಮಕಜೆಯಲ್ಲಿ, ತೋಟ ಬಂಟ್ವಾಳ ತಾಲೂಕಿನಲ್ಲಿ, ಹೀಗಿರುವ ಕುಟುಂಬಗಳು ನಮ್ಮಲ್ಲಿ ಇವೆ. ತಾಳವಾಡಿ, ಚಾಮರಾಜನಗರದ ನಡುವೆಯೂ ಹಾಗೆಯೇ. ಪರವಾನಗಿಯಲ್ಲಿ ಬರೆದ ವ್ಯಾಪ್ತಿ ದಾಟಿ ಕೋವಿ ಒಯ್ದರೆ ಅಪರಾಧ. ತೋಡು ದಾಟಿದರೆ ಬೇರೆ ರಾಜ್ಯ. ಇಂಥವರು ವ್ಯಾಪ್ತಿ ವಿಸ್ತರಣೆಗೆ ಅರ್ಜಿ ಹಾಕಿದರೆ ಎರಡೂ ಜಿಲ್ಲೆಗಳು ಕಾಲಮಿತಿಯೊಳಗೆ ಉತ್ತರ ಕೊಡಬೇಕು. ಜಪ್ತಿಯಾದ ಕಳ್ಳ ಪಿಸ್ತೂಲು, ಗುಂಡುಗಳ ವಿವರವನ್ನು ಗಡಿ ಜಿಲ್ಲೆಗಳ ಪೊಲೀಸರು ತಮ್ಮತಮ್ಮಲ್ಲಿ ತಿಂಗಳಿಗೊಮ್ಮೆಯಾದರೂ ಹಂಚಿಕೊಳ್ಳಬೇಕು.

ನಾಲ್ಕು, ಸತ್ತವರ ಹೆಸರಿನ ಕೋವಿಗಳು. ಪಂಚಾಯತಿನಲ್ಲಿ ಮರಣ ನೋಂದಣಿ ಇದೆ, ಜಿಲ್ಲಾ ಕಚೇರಿಯಲ್ಲಿ ಪರವಾನಗಿ ಪುಸ್ತಕ ಇದೆ. ವರ್ಷಕ್ಕೊಮ್ಮೆ ಎರಡನ್ನೂ ತಾಳೆ ನೋಡಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಡ, ಒಬ್ಬ ಗುಮಾಸ್ತ ಸಾಕು.

ಕೇಳುವುದಷ್ಟೇ ಅಲ್ಲ, ನಾವು ಮಾಡಬೇಕಾದದ್ದೂ ಇದೆ. ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ಪರವಾನಗಿಯ ದಿನಾಂಕ ನೋಡಿ. ಯಜಮಾನರು ತೀರಿಕೊಂಡಿದ್ದರೆ ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಿ, ವಾರಸುದಾರರ ಅರ್ಜಿ ಆಮೇಲೆ. 70 ವರ್ಷ ತುಂಬಿದವರು ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ, ಬಳಸಿಕೊಳ್ಳಿ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗವಿರಲಿ, ಬೀಗದ ಕೈ ನಿಮ್ಮ ಬಳಿ ಇರಲಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಊಟ ಬಿಟ್ಟಿದ್ದರೆ, ಕೋವಿಯನ್ನು ಮನೆಯಿಂದ ಹೊರಗೆ ಸಾಗಿಸಿ, ಆ ಮನುಷ್ಯನ ಪಕ್ಕ ಕೂತು ಮಾತಾಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು.

ಈ ನಾಲ್ಕು ಬೇಡಿಕೆಗಳ ಕರಡನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಲಾಗುವುದು. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ವಯನಾಡು, ನೀಲಗಿರಿ ಕಡೆಯ ಸದಸ್ಯರು ತಮ್ಮ ಊರಿನ ಅನುಭವವನ್ನು ಬರೆದು ಕಳಿಸಿದರೆ ಸೇರಿಸುತ್ತೇವೆ. ಭಿನ್ನಾಭಿಪ್ರಾಯ ಇದ್ದವರೂ ಬರೆಯಿರಿ. ಬಂದ ಪತ್ರಗಳಿಗೆಲ್ಲ ಉತ್ತರ ಬರೆಯುತ್ತೇವೆ. ಈ ಸಲ ಯಾವ ಕಾಗದವೂ ಕಟ್ಟಿನ ಅಡಿಗೆ ಹೋಗುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ